ಡಾರ್ಕಸಳ ಟ್ರೌಟ್ ಮಡು

ನಮ್ಮ ದ್ವೀಪದಲ್ಲಿ ಚಳಿಗಾಲದ ಟ್ರೌಟ್ ಮೀನು ಹಿಡಿಯುತ್ತೇನೆಂದು ಮೀಸೆ ತಿರುವುವವರಿಗೆ ಬರವಿಲ್ಲ. ನಿಜವಾಗಿ ಹಿಡಿಯುವವರು ಮಾತ್ರ ಬೆರಳೆಣಿಕೆ. ಸಾವಿರದ ಒಂಬೈನೂರ ಐವತ್ತೇಳನೆಯ ಇಸವಿಯ ಹೊತ್ತಿಗೆ ಅವರಲ್ಲಿ ಮೊದಲ ಹೆಸರು ಡಾರ್ಕಸ್ ಚಿಸಮ್ ಎಂಬ ಅರವತ್ತೆರಡು ವರ್ಷದ ವಿಧವೆಯದು. ಗಂಡಸರು ಇದನ್ನು ಒಪ್ಪುತ್ತಿರಲಿಲ್ಲ. ಆದರೆ ಡಿಸೆಂಬರ್ ಬಂತೆಂದರೆ ಅವರ ಹೆಂಡಿರೆಲ್ಲ ಪಾತ್ರೆ ಹಿಡಿದು ನಿಲ್ಲುತ್ತಿದ್ದದ್ದು ಅವಳ ಅಡುಗೆಮನೆಯ ಬಾಗಿಲಲ್ಲೇ.

ಬೇಸಿಗೆಯಲ್ಲಿ ಮೀನು ಹಿಡಿಯುವುದೇನು ಮಹಾ ಕೆಲಸ! ನೀರು ಬೆಚ್ಚಗಿರುತ್ತದೆ, ಜೌಗಿನ ತುಂಬ ಸಿಗಡಿ ಕುಣಿಯುತ್ತದೆ, ಕಣ್ಣು ಮುಚ್ಚಿ ಬಲೆ ಬೀಸಿದರೂ ಏನೋ ಒಂದು ಬೀಳುತ್ತದೆ. ಚಳಿಗಾಲದ ಮಾತು ಬೇರೆ. ಜೌಗುಹುಲ್ಲು ಒಣಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಉಪ್ಪುನೀರಿನ ತೊರೆಗಳು ತಳ ಕಾಣುವಷ್ಟು ತಿಳಿಯಾಗುತ್ತವೆ, ಮೀನು ಎಲ್ಲಿ ಹೋಯಿತೋ ಎಂಬಂತೆ ಮಾಯ. ಹೋಗುವುದೆಲ್ಲಿಗೆ? ತೊರೆಗಳ ತಿರುವಿನಲ್ಲಿ ಅಲ್ಲೊಂದು ಇಲ್ಲೊಂದು ಆಳದ ಗುಂಡಿ ಇರುತ್ತದೆ. ಸಮುದ್ರ ಇಳಿದು ಸುತ್ತಲೂ ಬರೀ ಕೆಸರು ಉಳಿದಾಗ ಅಲ್ಲಿ ಮಾತ್ರ ಎರಡಾಳು ನೀರು ನಿಂತಿರುತ್ತದೆ. ಟ್ರೌಟುಗಳು ಅಲ್ಲಿ ಮೈಗೆ ಮೈ ತಾಗಿಸಿಕೊಂಡು ಸುಮ್ಮನೆ ನಿಂತಿರುತ್ತವೆ. ಅದೇ ಮಡು. ಮಡು ಗೊತ್ತಿದ್ದವನು ಬುಟ್ಟಿ ತುಂಬಿಸಿಕೊಂಡು ಬರುತ್ತಾನೆ, ಗೊತ್ತಿಲ್ಲದವನು ದಿನವಿಡೀ ಹುಟ್ಟು ಹಾಕಿ ಬೆರಳು ಮರಗಟ್ಟಿಸಿಕೊಂಡು ಬರುತ್ತಾನೆ.

ಮಡುವಿಗೆ ಫಲಕ ಇರುವುದಿಲ್ಲ. ದಡದ ಮೇಲಿನ ಎರಡು ಗುರುತುಗಳನ್ನು ಒಂದರ ಹಿಂದೆ ಒಂದು ಕೂಡಿಸಿ ಒಂದು ಗೆರೆ, ಇನ್ನೊಂದು ದಿಕ್ಕಿನಲ್ಲಿ ಮತ್ತೆರಡನ್ನು ಕೂಡಿಸಿ ಇನ್ನೊಂದು ಗೆರೆ. ಎರಡು ಗೆರೆ ಕೂಡಿದ ಕಡೆ ಲಂಗರು. ನಾಲ್ಕು ದೋಣಿ ಉದ್ದದಷ್ಟು ಅತ್ತಿತ್ತ ಆದರೆ ಬರೀ ಕೆಸರು. ಕಂಡುಹಿಡಿದವನದೇ ಮಡು, ಅವನ ನಂತರ ಅವನು ಹೇಳಿಕೊಟ್ಟವರದು. ಬೇರೆಯವರು ಅಲ್ಲಿ ಗಾಳ ಹಾಕಿದರೆ ಕೋಳಿ ಕದ್ದದ್ದಕ್ಕಿಂತ ಹೆಚ್ಚಿನ ಕಳ್ಳತನ. ಆದ್ದರಿಂದ ಗುರುತುಗಳನ್ನು ಯಾರೂ ಬಾಯಿ ಬಿಡುವುದಿಲ್ಲ. ಡಾರ್ಕಸಳ ಗಂಡ ಏಬ್ರಮ್ ಕೂಡ ಮೂವತ್ತು ವರ್ಷ ಹೆಂಡತಿಗೇ ಹೇಳಿರಲಿಲ್ಲ. ಸಾಯುವ ಮೂರು ದಿನ ಮೊದಲು ಅವಳ ಕಿವಿ ಹತ್ತಿರ ಎಳೆದುಕೊಂಡು ಹೇಳಿದ. ಅದಾಗಿ ಹದಿನಾಲ್ಕು ವರ್ಷ. ಮಕ್ಕಳಿಲ್ಲದ ಡಾರ್ಕಸ್ ಅದನ್ನು ಯಾವ ಜೀವಕ್ಕೂ ಹೇಳಿರಲಿಲ್ಲ. ದ್ವೀಪದಲ್ಲಿ ಒಬ್ಬನ ಕಿವಿಗೆ ಬಿದ್ದದ್ದು ಮರುದಿನ ಎಲ್ಲರ ದೋಣಿಯಲ್ಲಿರುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ.

ಅವಳ ಕೈಯ ಮಾತೂ ಹೇಳಬೇಕು. ಟ್ರೌಟಿನ ಬಾಯಿ ನೆನೆದ ಕಾಗದದ ಹಾಗೆ. ಕಚ್ಚಿತೆಂದು ಜಗ್ಗಿದಿರೋ, ತುಟಿ ಹರಿದುಕೊಂಡು ಹೋಯಿತು. ಡಾರ್ಕಸ್ ಜಗ್ಗುತ್ತಿರಲಿಲ್ಲ. ದಾರವನ್ನು ತೋರುಬೆರಳ ಮೇಲಿಟ್ಟುಕೊಂಡು ಕೂತು, ಅದು ಭಾರವಾದಾಗ ಸುಮ್ಮನೆ ಕೈಯನ್ನು ಎತ್ತುತ್ತಿದ್ದಳು, ಅಷ್ಟೆ. ಹಿಡಿದ ಮೀನಿನಲ್ಲಿ ಮೊದಲ ಪಾಲು ಕಾಯಿಲೆಯವರಿಗೆ, ಎರಡನೆಯದು ಬಾಣಂತಿಯರಿಗೆ, ಉಳಿದದ್ದು ಪಾತ್ರೆ ತಂದವರಿಗೆ. ತನಗೆ ಎರಡು ಮೀನು ಸಾಕು, ಒಂದು ರಾತ್ರಿಯ ಅನ್ನಕ್ಕೆ, ಒಂದು ಬೆಳಗಿನ ಜೋಳದ ನುಚ್ಚಿಗೆ. ಧಾರಾಳಿ ಹೆಂಗಸು. ಆದರೆ ಕೊಡುವಾಗ ನಾಲ್ಕು ಮಾತು ಅಂದೇ ಕೊಡುತ್ತಿದ್ದಳು. "ನಿನ್ನ ಗಂಡ ಹಿಡೀಲಿಲ್ವಾ? ಪಾಪ, ನೀರು ಒದ್ದೆ ಇತ್ತೇನೋ!"

ಆ ವರ್ಷ ಕ್ರಿಸ್‌ಮಸ್ಸಿಗೆ ಒಂದು ವಾರ ಮೊದಲು ಬೆಳಗ್ಗೆ ದಟ್ಟ ಮಂಜು ಬಿದ್ದಿತ್ತು. ಡಾರ್ಕಸ್ ಎಂದಿನಂತೆ ಒಬ್ಬಳೇ ದೋಣಿ ಬಿಟ್ಟಳು. ಮಂಜು ಒಂದು ಗಳಿಗೆ ತೆಳುವಾದಾಗ ಸೀಡರ್ ಮರ ಕಂಡಿತು, ಅದರ ಹಿಂದೆ ಬೆಳ್ಳಗಿನದೊಂದು ನೆಟ್ಟಗೆ ನಿಂತದ್ದೂ ಕಂಡಿತು. ಸಾಕೆಂದು ಲಂಗರು ಬಿಟ್ಟಳು. ಗಾಳ ಬಿದ್ದದ್ದೇ ತಡ, ಮೀನು. ಮತ್ತೆ ಮೀನು. ಮೂವತ್ತೇಳು ಟ್ರೌಟು ಬುಟ್ಟಿಗೆ ಬಿದ್ದ ಮೇಲೆ ಮಂಜು ಪೂರ್ತಿ ಎದ್ದಿತು. ಎದುರಿಗೆ ಇನ್ನೊಂದು ದೋಣಿ, ಅದರಲ್ಲಿ ಕೆಂಡದಂಥ ಮುಖ ಮಾಡಿಕೊಂಡ ಎನೋಕ್ ಪೊಲೈಟ್.

ಎನೋಕ್ ಏಬ್ರಮನ ವಾರಿಗೆಯವನು, ತಿನ್ನುವ ಸಿಂಪಿಚಿಪ್ಪನ್ನು ಕೆಸರಿನಿಂದ ಕೀಳುವ ಕಸುಬಿನವನು. ಸಲಿಕೆಯಂಥ ಕೈ, ಗಂಟೆಯಂಥ ಗಂಟಲು. ನಮ್ಮ ಪ್ರಾರ್ಥನೆ ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಹಾಡು ಎತ್ತುವವನು ಅವನೇ.

"ಏ ಡಾರ್ಕಸ್! ಯಾರ ಮಡು ಮೇಲೆ ಕೂತಿದೀಯ ಗೊತ್ತಾ ನಿಂಗೆ?"

"ನಂದರ ಮೇಲೆ. ನಿಂದೇನು ಬಿದ್ದುಹೋಗಿದೆ ಇಲ್ಲಿ?"

"ಬಿದ್ದುಹೋಗಿರೋದೆಲ್ಲ ನಿನ್ನ ಬುಟ್ಟೀಲಿದೆ! ಇದು ನಮ್ಮಪ್ಪನ ಮಡು. ತಿರುಗಿ ನೋಡು, ಸುಟ್ಟ ಪೈನ್ ಮರ ಕಾಣಲ್ವಾ?"

ಡಾರ್ಕಸ್ ತಿರುಗಿ ನೋಡಿದಳು. ಬೆಳ್ಳಗಿನದ್ದು ಬೆಳ್ಳಗೇ ಇತ್ತು. ಅವಳ ಮಡುವಿಗೆ ಬೇಕಾದದ್ದು ಹಳೆಯ ತೋಟದ ಬಂಗಲೆಯ ಮಾಡಿನ ಮೇಲಿನ ಹೊಗೆ ಚಿಮಣಿ, ಸುಣ್ಣ ಬಳಿದದ್ದು. ಇದು ಎನೋಕ್ ಹೇಳಿದ ಹಾಗೆ ಸಿಡಿಲಿಗೆ ಸುಟ್ಟು ತೊಗಟೆ ಕಳಚಿದ ಮರವೇ ಇರಬೇಕು. ಆದರೂ ಬಾಯಿ ಸೋಲಲಿಲ್ಲ.

"ಮಂಜಿತ್ತು ಕಣಯ್ಯಾ. ದಾರಿ ತಪ್ಪಿದೆ."

"ಇಷ್ಟು ವರ್ಷ ಈ ನೀರಲ್ಲಿ ಓಡಾಡಿದವಳು ದಾರಿ ತಪ್ಪಿದ್ಯಾ? ಕಳ್ಳಿ! ನನ್ನ ಹಿಂದೆ ಹಿಂದೆ ಬಂದು ನೋಡ್ಕೊಂಡಿದೀಯ, ಕಳ್ಳಿ!"

ಅವಳು ಬುಟ್ಟಿಯನ್ನೇ ಎತ್ತಿ ಅವನ ದೋಣಿಗೆ ಸುರಿದಳು. ಅವನು ಆ ಮೀನುಗಳು ತನಗೆ ಬೇಡವೆಂದು ವಾಪಸು ಅವಳ ದೋಣಿಗೇ ಎಸೆದ. ಅರ್ಧ ನೀರಿಗೆ ಬಿದ್ದವು. ಕೊಕ್ಕರೆಗಳಿಗೆ ಹಬ್ಬವಾಯಿತು.

ನಮ್ಮಲ್ಲಿ ಜಗಳವಾದರೆ ಸೇತುವೆ ದಾಟಿ ಬ್ಯೂಫರ್ಟ್ ಪಟ್ಟಣದ ಕೋರ್ಟಿಗೆ ಹೋಗುವುದು ಮರ್ಯಾದಸ್ಥರ ಕೆಲಸವಲ್ಲ. ಅಲ್ಲಿಯ ಕಾನೂನು ನಮ್ಮದಲ್ಲ. ಪ್ರಾರ್ಥನೆ ಮನೆಯಲ್ಲಿ ಎಲ್ಲರ ಮುಂದೆ ಹೇಳಬೇಕು. ಅದು ಗಂಟೆಗೋಪುರದ ಚರ್ಚಲ್ಲ, ಹಲಗೆ ಗೋಡೆಯ, ನಾಲ್ಕೇ ಸಾಲು ಬೆಂಚಿನ ಪುಟ್ಟ ಮನೆ. ಗುರುವಾರ ಸಂಜೆ ಎನೋಕ್ ಎದ್ದು ನಿಂತು ದೂರು ಹೇಳಿದ, ಅಲ್ಲೂ ಎರಡು ಸಲ ಕಳ್ಳಿ ಎಂದ. ಡಾರ್ಕಸ್ ಎದ್ದು ನಿಂತು, ಮಂಜು, ದಾರಿ ತಪ್ಪಿದೆ ಎಂದಳು. ಅಲ್ಲಿ ತೀರ್ಪು ಹೇಳುವ ಹಿರಿಯ ಸೈರಸ್ ಫ್ರಿಪ್ ಗಡ್ಡ ಕೆರೆದುಕೊಂಡರು. ಕೆಟ್ಟ ಮನುಷ್ಯರಲ್ಲ ಸೈರಸ್. ನಿಯಮ ಬಿಟ್ಟು ಕೂದಲೆಳೆ ಅತ್ತಿತ್ತ ಹೋಗುವವರಲ್ಲ, ಅಷ್ಟೆ.

"ನೋಡಮ್ಮಾ ಡಾರ್ಕಸ್, ಇದು ಸುಲಭ. ನಿಂದು ಬೇರೆ ಮಡು ಇದೆ ಅಂತೀಯ. ಅದರ ಗುರುತು ಹೇಳು, ನಾವು ಹೋಗಿ ನೋಡ್ತೀವಿ. ಬೇರೆ ಜಾಗ ಆಗಿದ್ರೆ ದಾರಿ ತಪ್ಪಿದ್ದು ನಿಜ, ಕಳ್ತನ ಅಲ್ಲ."

"ಇಲ್ಲಿ ಮೂವತ್ತೊಂದು ಜನ ಕೂತಿದಾರೆ ಹಿರಿಯರೇ. ಅರವತ್ತೆರಡು ಕಿವಿ."

"ಇದು ದೇವರ ಮನೆ."

"ದೇವರಿಗೆ ಆಗ್ಲೇ ಗೊತ್ತು. ಆತ ದೋಣಿ ತಗೊಂಡು ಹೋಗಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೈರಸ್ ನಗಲಿಲ್ಲ.

"ನಂಗೊಬ್ಬನಿಗೇ ಕಿವೀಲಿ ಹೇಳ್ತೀನಿ ಅಂದ್ರೂ ಆಗಲ್ಲ. ಇಲ್ಲಿ ಹೇಳೋದು ಎಲ್ರಿಗೂ ಕೇಳಬೇಕು."

"ನಿಮ್ಮ ಕಿವೀಲಿ ಹೇಳೋ ಯೋಚನೆ ನಂಗೂ ಇಲ್ಲ. ನಿಮ್ಮ ಮನೇಲಿ ಮೀಸೆ ಹೊತ್ತ ಮೂವರು ಗಂಡುಮಕ್ಕಳಿದಾರೆ, ಮೂವರಿಗೂ ದೋಣಿ ಇದೆ."

ಇನ್ನು ಉಳಿದದ್ದು ಒಂದೇ ದಾರಿ. ಡಾರ್ಕಸಳನ್ನು ಹಿಂದಿನ ಬೆಂಚಿಗೆ ಕಳಿಸಿದರು. ಹಿಂದಿನ ಬೆಂಚೆಂದರೆ ಸುಮ್ಮನೆ ಕೂರುವ ಜಾಗವಲ್ಲ. ಅಲ್ಲಿ ಕೂತವರು ಹಾಡುವಂತಿಲ್ಲ, ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಸುತ್ತುಗಟ್ಟಿ ಕಾಲು ಜಾರಿಸುತ್ತ ಹಾಡಿಗೆ ತಕ್ಕಂತೆ ತಿರುಗುವಾಗ ಅದರಲ್ಲಿ ಸೇರುವಂತಿಲ್ಲ. ಅಷ್ಟೇ ಆಗಿದ್ದರೆ ಡಾರ್ಕಸ್ ಮೂಗು ಮುರಿದು ಸುಮ್ಮನಿರುತ್ತಿದ್ದಳು. ಆ ಬೆಂಚಿನಲ್ಲಿದ್ದಾಗಲೇ ಸತ್ತರೆ ಹೆಣವನ್ನು ಅಡ್ಡಡ್ಡ ಹೂಳುತ್ತಾರೆ. ಉಳಿದವರೆಲ್ಲ ಪೂರ್ವಕ್ಕೆ ಕಾಲು ಚಾಚಿ ಮಲಗಿರುತ್ತಾರೆ, ಕೊನೆಯ ದಿನ ಎದ್ದು ಕೂತರೆ ಹುಟ್ಟುವ ಸೂರ್ಯ ಎದುರಿಗಿರಲಿ ಎಂದು. ಏಬ್ರಮ್ ಕೂಡ ಹಾಗೇ ಮಲಗಿದ್ದಾನೆ, ಪಕ್ಕದಲ್ಲಿ ಅವಳಿಗೆಂದು ಜಾಗ ಇದೆ. ಆ ದಿನ ಏಬ್ರಮ್ ಎದ್ದು ಸೂರ್ಯನನ್ನು ನೋಡುವಾಗ ತಾನು ಯಾವುದೋ ಬೇಲಿ ನೋಡುತ್ತ ಕೂತಿರಬೇಕಲ್ಲ ಎಂಬುದೇ ಡಾರ್ಕಸಳ ಚಿಂತೆ. ಚಳಿಗಾಲ ಪೂರ್ತಿ ಅವಳಿಗೆ ಎದೆಗಟ್ಟಿದ ಕೆಮ್ಮು ಬೇರೆ.

ಆದರೂ ಗುರುತು ಹೇಳಲಿಲ್ಲ. ಏಬ್ರಮ್ ಬಿಟ್ಟುಹೋದದ್ದು ಅದೊಂದೇ. ಹೊಲ ಅವನ ಅಣ್ಣತಮ್ಮಂದಿರ ಜೊತೆ ಜಂಟಿಯಾಗಿದ್ದದ್ದು, ಮನೆ ಸೋರುತ್ತಿತ್ತು. ಮಡು ಮಾತ್ರ ಪೂರ್ತಿ ಅವಳದು. ಅದು ಹೋದರೆ ಪಾತ್ರೆ ಹಿಡಿದು ಬೇರೆಯವರ ಬಾಗಿಲಲ್ಲಿ ನಿಲ್ಲುವ ಇನ್ನೊಬ್ಬ ಮುದುಕಿ ತಾನಾಗುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೂರು ವಾರ ಅವಳು ದೋಣಿ ಇಳಿಸಲಿಲ್ಲ. ಸಿಟ್ಟು. ಜನವರಿಯ ಎರಡನೆಯ ವಾರ ಉತ್ತರದ ಗಾಳಿ ಬೀಸಿ ನಿಂತು, ಗಾಜಿನಂಥ ಬೆಳಗು ಬಂತು. ಮಂಜಿನ ಸುಳಿವೂ ಇಲ್ಲ. ಡಾರ್ಕಸ್ ಹುಟ್ಟು ಹೆಗಲಿಗಿಟ್ಟುಕೊಂಡು ಹೊರಟಳು.

ತೊರೆಯ ತಿರುವಿಗೆ ಬಂದು ಸೀಡರ್ ಮರ ಹುಡುಕಿದಳು. ಸಿಕ್ಕಿತು. ಹಿಂದೆ ಚಿಮಣಿ ಹುಡುಕಿದಳು. ಬೂದುಬಣ್ಣದ ಆಕಾಶ, ಬೂದುಬಣ್ಣದ ಮರಗಳು, ಅದರಾಚೆ ಏನೂ ಇಲ್ಲ. ದೋಣಿ ಮುಂದೆ ಬಿಟ್ಟಳು, ಹಿಂದೆ ತಂದಳು. ಕೊನೆಗೆ ಅಂದಾಜಿನ ಮೇಲೆ ಲಂಗರು ಹಾಕಿ ಸೀಸದ ಗುಂಡು ಇಳಿಸಿದಳು. ಅವಳ ಮಡುವಿನ ತಳದಲ್ಲಿ ಸಿಂಪಿಚಿಪ್ಪು, ಗುಂಡು ತಾಗಿದರೆ ದಾರದಲ್ಲಿ ಟಕ್ಕೆನ್ನಬೇಕು. ಗುಂಡು ಕೆಸರಿನಲ್ಲಿ ಮೆತ್ತಗೆ ಕೂತಿತು. ಇನ್ನೊಂದು ಕಡೆ, ಕೆಸರು. ಮತ್ತೊಂದು ಕಡೆ, ಅದೇ ಕೆಸರು.

ಆಗ ಅವಳು ಎಡಗಣ್ಣು ಮುಚ್ಚಿ ನೋಡಿದಳು. ಸೀಡರ್ ಮರವೂ ಹೋಯಿತು. ಬಲಗಣ್ಣು ಮುಚ್ಚಿದಳು. ಸೀಡರ್ ಮರ ಬಂತು, ಚಿಮಣಿ ಬರಲಿಲ್ಲ. ಪಶ್ಚಿಮದಲ್ಲಿ ಬೆಳ್ಳಗಿನದೊಂದು ಮಸುಕಾಗಿ ನಿಂತಿತ್ತು, ಅದು ಚಿಮಣಿಯೋ ಸುಟ್ಟ ಮರವೋ ಕೊಕ್ಕರೆಯೋ ಹೇಳುವುದಕ್ಕೆ ಅವಳಿಂದ ಆಗಲಿಲ್ಲ. ಮೂರು ವಾರದಿಂದ ಊರಿಗೆಲ್ಲ ಹೇಳಿಕೊಂಡು ಬಂದ ಮಂಜು ಅವಳ ಕಣ್ಣಿನೊಳಗೇ ಇತ್ತು. ಮರುದಿನ ಮತ್ತೆ ಹೋದಳು, ಅದರ ಮರುದಿನವೂ ಹೋದಳು. ಮೂರನೆಯ ದಿನ ಬರಿಗೈಯಲ್ಲಿ ಮನೆಗೆ ಬಂದು ಒಲೆಯ ಮುಂದೆ ಕೂತು ಗಟ್ಟಿಯಾಗಿ ಅತ್ತಳು. ಯಾವುದಕ್ಕಾಗಿ ದೇವರ ಮನೆಯ ಜಾಗ ಕಳಕೊಂಡಳೋ ಅದು ಆಗಲೇ ಅವಳ ಕೈಬಿಟ್ಟು ಹೋಗಿತ್ತು.

ಅತ್ತು ಮುಗಿದ ಮೇಲೆ ಯೋಚಿಸಿದಳು. ಬೇರೆಯವರ ಕಣ್ಣು ಬೇಕು. ಯಾರ ಕಣ್ಣು? ಬಂಧುಗಳು ಬಾಯಿಬಡುಕರು. ಕೊನೆಗೆ ತನ್ನನ್ನು ಕಳ್ಳಿ ಅಂದವನ ಮನೆಗೇ ಹೋದಳು. ಅವನಿಗೆ ಸ್ವಂತ ಮಡು ಇದೆ, ಹಾಗಾಗಿ ಅವಳದರ ಮೇಲೆ ಆಸೆ ಕಡಿಮೆ ಎಂಬುದು ಲೆಕ್ಕಾಚಾರ. ಎನೋಕ್ ಅಂಗಳದಲ್ಲಿ ತಗಡಿನ ಮೇಲೆ ಸಿಂಪಿ ಸುಡುತ್ತಿದ್ದ, ಮೇಲೆ ಒದ್ದೆ ಗೋಣಿಚೀಲ ಹೊದೆಸಿದ್ದ. ತಲೆ ಎತ್ತಲಿಲ್ಲ.

"ಏನ್ ಬಂದೆ?"

"ನಂಗೆ ಕಣ್ಣು ಕಾಣಲ್ಲ ಎನೋಕ್."

"ನನ್ನ ಮಡೂಲಿ ಮೀನು ಚೆನ್ನಾಗೇ ಕಂಡಿತ್ತಲ್ಲ!"

"ಹತ್ರದ್ದು ಕಾಣುತ್ತೆ. ನಿನ್ನ ಮೂತಿ ಕಾಣ್ತಿದೆ, ಅದೇ ಸಂಕಟ. ದೂರದ್ದು ಹೋಯ್ತು. ಬಲಗಣ್ಣಲ್ಲಿ ಪೊರೆ ಬಂದಿದೆ, ಕನ್ನಡೀಲಿ ನೋಡ್ಕೊಂಡೆ. ಅವತ್ತು ದಾರಿ ತಪ್ಪಿಸಿದ್ದು ಮಂಜಲ್ಲ. ನಿನ್ನ ಸುಟ್ಟ ಮರಾನ ನನ್ನ ಗುರುತು ಅಂದ್ಕೊಂಡೆ. ನಿನ್ನ ಮೀನು ಹಿಡಿದಿದ್ದು ನಿಜ. ಬೇಕು ಅಂತ ಹಿಡೀಲಿಲ್ಲ."

ಎನೋಕ್ ಕೈಯಲ್ಲಿದ್ದ ಚಾಕು ಕೆಳಗಿಟ್ಟು ಅವಳ ಮುಖವನ್ನೇ ನೋಡಿದ. ಕಣ್ಣಿನ ಕರಿ ಭಾಗದ ಮೇಲೆ ಹಾಲಿನ ಕೆನೆ ಕಟ್ಟಿದ್ದು ಅವನಿಗೂ ಕಂಡಿತು. ಪಕ್ಕದ ಬುಟ್ಟಿಯನ್ನು ಬೋರಲು ಹಾಕಿ ಕೂರು ಎಂದ.

"ನನ್ನ ಮಡುಗೆ ಕರಕೊಂಡು ಹೋಗು. ಗುರುತು ನಾನು ಹೇಳ್ತೀನಿ, ನೀನು ನೋಡು. ಬೇರೆ ಜಾಗ ಅಂತ ನಿನ್ನ ಕಣ್ಣಾರೆ ನೋಡು. ಆಮೇಲೆ ದೂರು ವಾಪಸ್ ತಗೋ. ಆದ್ರೆ ಗುರುತು ಯಾರಿಗೂ ಹೇಳಬಾರದು."

"ಸೈರಸ್ ಕೇಳಿದ್ರೆ?"

"ಕೇಳಿದ್ರೂ."

"ದೇವರ ಮನೇಲಿ ಕೇಳಿದ್ರೆ?"

"ಅಲ್ಲೇ ಕೇಳೋದು. ಅಲ್ಲೇ ಹೇಳಬಾರದು."

ಎನೋಕ್ ಗೋಣಿಯನ್ನು ಸರಿಪಡಿಸಿದ. ಸಿಂಪಿಗಳು ಗೋಣಿಯ ಕೆಳಗೆ ಒಂದೊಂದಾಗಿ ಬಾಯಿ ಬಿಡುವ ಸದ್ದು ಕೇಳುತ್ತಿತ್ತು. ಆಮೇಲೆ "ಆಯ್ತು" ಎಂದ. ಅವಳ ಮುಂದೆ ಬಿಸಿ ಸಿಂಪಿ ಸರಿಸಿದ.

ಮರುದಿನ ಇಳಿತದ ಹೊತ್ತಿಗೆ ಇಬ್ಬರೂ ಅವಳ ದೋಣಿಯಲ್ಲಿ ಹೋದರು. ಎನೋಕ್ ಹುಟ್ಟು ಹಾಕಿದ, ಡಾರ್ಕಸ್ ಹಿಂದೆ ಕೂತು ಕೇಳುತ್ತ ಹೋದಳು.

"ಸೀಡರ್ ಮರ ಚಿಮಣಿ ಮೇಲೆ ಬಂತಾ?"

"ಇನ್ನೂ ಒಂದು ಮಾರು ಎಡಕ್ಕಿದೆ... ಬಂತು."

"ಹಾಗೇ ಹಿಡಕೋ. ಈಗ ಈ ಕಡೆ ನೋಡು. ಚರ್ಚಿನ ಗಂಟೆಗೋಪುರ ಸಿಂಪಿದಿಬ್ಬದ ತುದಿಗೆ ಕೂತಿದ್ಯಾ?"

"ಕೂತ್ಕೋತಾ ಇದೆ... ಕೂತ್ಕೊಳ್ತು!"

"ಲಂಗರು ಬಿಡು. ಏ, ಎಸೀಬೇಡ್ವೋ, ಬಿಡು! ಮೀನೇನು ಕಿವುಡಾ?"

ಗುಂಡು ಇಳಿಸಿದರೆ ಟಕ್ಕೆಂದಿತು. ಡಾರ್ಕಸಳ ಮುಖ ಅರಳಿತು. ಎನೋಕ್ ಸುತ್ತ ನೋಡಿದ. ಅವನ ಮಡು ಅಲ್ಲಿಂದ ಅರ್ಧ ಮೈಲಿ ಕೆಳಗೆ, ಬೇರೆಯದೇ ತಿರುವಿನಲ್ಲಿ. ಅದೇ ಥರದ ಸೀಡರ್ ಮರ ಅಲ್ಲೂ ಒಂದಿತ್ತು, ಕಣ್ಣು ಸರಿಯಿದ್ದವರಿಗೂ ಒಂದು ಕ್ಷಣ ಅನುಮಾನ ಬರುವಂಥದು.

ಅವಳ ಬೆರಳ ಮೇಲಿನ ದಾರ ಭಾರವಾಯಿತು, ಕೈ ಎತ್ತಿದಳು, ಚುಕ್ಕೆಬೆನ್ನಿನ ದೊಡ್ಡ ಟ್ರೌಟು ಬಂತು. ಎನೋಕನಿಗೂ ಕಚ್ಚಿತು. ಜಗ್ಗಿದ, ಹೋಯಿತು. ಮತ್ತೆ ಕಚ್ಚಿತು, ಮತ್ತೆ ಜಗ್ಗಿದ.

"ನಿಂಗೆ ಮಡು ಇದ್ದೇನು ಬಂತು? ಹಗ್ಗ ಎಳೆಯೋ ಪಂದ್ಯ ಆಡ್ತೀಯಲ್ಲ ಮೀನಿನ ಜೊತೆ!"

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿದ. "ನಿನ್ನ ಕಳ್ಳಿ ಅಂದೆ ನಾನು."

"ಅಂದೆ."

"ಮೂರು ಸಲ ಅಂದೆ."

"ನಾಲ್ಕು."

ಗುರುವಾರ ಸಂಜೆ ಎನೋಕ್ ಪ್ರಾರ್ಥನೆ ಮನೆಯಲ್ಲಿ ಎದ್ದು ನಿಂತ. ಡಾರ್ಕಸ್ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತು, ಇನ್ನು ತನ್ನ ಶಿಕ್ಷೆ ಮುಗಿಯಿತು ಎಂದುಕೊಂಡು, ಹಾಡಿಗೆ ಚಪ್ಪಾಳೆ ತಟ್ಟಲೆಂದು ಕೈಗವಸು ಬಿಚ್ಚಿದಳು.

"ಡಾರ್ಕಸಕ್ಕನಿಗೆ ಬೇರೆ ಮಡು ಇದೆ. ನಾನು ನೋಡಿ ಬಂದೆ. ನನ್ನ ದೂರು ವಾಪಸ್ ತಗೋತೀನಿ" ಎಂದ ಎನೋಕ್.

"ಒಳ್ಳೇದು," ಎಂದರು ಸೈರಸ್. "ಎಲ್ಲಿದೆ?"

"ಇದೆ."

"ಇದೆ ಅಂದ್ರೆ ಆಗಲ್ಲ ಎನೋಕ್. ದೂರು ಕೊಟ್ಟಿದ್ದು ನೀನಾದ್ರೂ ಈಗ ಅದು ಈ ಮನೇದು. ನೀನು ಕಂಡದ್ದನ್ನ ನಾವೂ ಕಾಣಬೇಕು. ಗುರುತು ಹೇಳು."

"ಹೇಳಲ್ಲ."

"ಹೇಳದಿದ್ರೆ ನೀವಿಬ್ರೂ ಸೇರಿ ಈ ಮನೆಗೆ ಸುಳ್ಳು ಹೇಳ್ತಿದೀರ ಅಂತ ಯಾರಾದ್ರೂ ಅಂದ್ರೆ ನಾನೇನು ಹೇಳಲಿ? ನಿಯಮ ಅವಳಿಗೊಂದು ನಿಂಗೊಂದಾ?"

"ಒಂದೇ. ಅವಳಿಗಾದದ್ದೇ ನಂಗೂ ಆಗ್ಲಿ, ಹೇಳಲ್ಲ."

ಸೈರಸ್ ನಿಟ್ಟುಸಿರು ಬಿಟ್ಟು ಹಿಂದಿನ ಬೆಂಚಿನ ಕಡೆ ಕೈ ತೋರಿಸಿದರು. ಎನೋಕ್ ಟೋಪಿ ಎತ್ತಿಕೊಂಡು ಎಲ್ಲರ ಮುಂದೆ ಹಿಂದಕ್ಕೆ ನಡೆದ. ಬೆಂಚು ಅವನ ಭಾರಕ್ಕೆ ಕಿರ್ರೆಂದಿತು.

"ಹೋಗೋ ಮುಂದಕ್ಕೆ, ಪೆದ್ದ," ಎಂದಳು ಡಾರ್ಕಸ್ ಹಲ್ಲು ಕಚ್ಚಿ.

"ಆಯ್ತು ಅಂದಿದ್ನಲ್ಲ ನಿಂಗೆ."

ಮುಂದೆ ಹಾಡಿನ ಹೊತ್ತು. ಎತ್ತುವವರಿಲ್ಲ. ಕೊನೆಗೆ ಸೈರಸ್ ತಾವೇ ಎತ್ತಿದರು. ಪಾಪ, ಅವರ ಗಂಟಲು ಹಾಡಿಗೆ ಮಾಡಿದ್ದಲ್ಲ. ಎರಡನೆಯ ಸಾಲಿಗೇ ಮುಗ್ಗರಿಸಿತು, ಜನ ಹಿಂದೆ ಮುಂದೆ ಆದರು. ಡಾರ್ಕಸಳಿಗೆ ಬೆಂಚು ನಡುಗುವುದು ಗೊತ್ತಾಯಿತು. ಎನೋಕನ ಕಾಲು ತಾನಾಗಿಯೇ ತಾಳ ಹಾಕುತ್ತಿತ್ತು. ಅವನು ಎರಡೂ ಕೈಗಳಿಂದ ಮೊಣಕಾಲನ್ನು ಅದುಮಿ ಹಿಡಿದ. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಮತ್ತೆ ಅದುಮಿದ. ಬಾಯಿ ಮಾತ್ರ ಮುಚ್ಚಿಯೇ ಇತ್ತು.

ಅವಳಿಂದ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ತಾನು ಅಡ್ಡಡ್ಡ ಮಲಗುವುದನ್ನಾದರೂ ತಡೆದುಕೊಂಡಾಳು, ಇದನ್ನಲ್ಲ. ಹಾಡಿನ ಮಧ್ಯದಲ್ಲೇ ಎದ್ದು ನಿಂತಳು.

"ನಿಲ್ಸಿ! ಮೊದಲೇ ಸರಿಯಿಲ್ಲ, ನಿಲ್ಸಿ ಅದನ್ನ." ಹಾಡು ನಿಂತಿತು. "ಬರಕೊಳ್ಳೋರು ಬರಕೊಳ್ಳಿ. ದೊಡ್ಡ ತೊರೆ, ಮೂರನೇ ತಿರುವು. ಮೇಲಿನ ದಿಣ್ಣೆ ಸೀಡರ್ ಮರ ಹಳೇ ಬಂಗಲೆ ಚಿಮಣಿ ಮೇಲೆ. ಚರ್ಚಿನ ಗಂಟೆಗೋಪುರ ಸಿಂಪಿದಿಬ್ಬದ ತುದಿ ಮೇಲೆ. ತಳದಲ್ಲಿ ಚಿಪ್ಪು. ಇಳಿತಕ್ಕೆ ಒಂದು ಗಂಟೆ ಮೊದಲು ಹೋಗಬೇಕು. ಇದು ಏಬ್ರಮನ ಮಡು. ಇನ್ನೊಂದು ಮಾತು, ನಂಗೆ ಕಣ್ಣು ಕಾಣಲ್ಲ. ಎನೋಕನ ಮಡುಗೆ ಹೋಗಿದ್ದು ಅದಕ್ಕೇ. ಈಗ ಇವನನ್ನ ಮುಂದೆ ಕೂರಿಸ್ಕೊಳ್ಳಿ, ಹಾಡಾದ್ರೂ ಹಾಡ್ಲಿ."

ಸೈರಸ್ ಎದ್ದು ಬಂದು, ಕೈ ಹಿಡಿದು, ಇಬ್ಬರನ್ನೂ ಮುಂದಿನ ಸಾಲಿಗೆ ಕರೆದುಕೊಂಡು ಹೋದರು. ಮರುದಿನ ಅವರೂ ಇನ್ನಿಬ್ಬರು ಹಿರಿಯರೂ ಗುರುತು ಹಿಡಿದು ಹೋಗಿ, ಗುಂಡು ಇಳಿಸಿ ನೋಡಿ, ಡಾರ್ಕಸ್ ಹೇಳಿದ್ದು ನಿಜ ಎಂದು ಸಾರಿದರು. ಕಳ್ಳಿ ಎಂಬ ಹೆಸರು ಹೋಯಿತು. ಏಬ್ರಮನ ಪಕ್ಕದ ಜಾಗ ಉಳಿಯಿತು. ಡಾರ್ಕಸಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಗಂಡನನ್ನು ಎರಡನೆಯ ಸಲ ಮಣ್ಣು ಮಾಡಿ ಬಂದವಳ ಹಾಗೆ ಮನೆಯಲ್ಲಿ ಕೂತಳು.

ಶನಿವಾರ ಬೆಳಗ್ಗೆ ಎನೋಕ್ ಬಾಗಿಲು ಬಡಿದ.

"ಇಳಿತ ಹತ್ತೂವರೆಗಿದೆ. ಏಳು."

"ನಾನು ಬರಲ್ಲ. ಹನ್ನೊಂದು ದೋಣಿ ನಿಂತಿರುತ್ತೆ ಅಲ್ಲಿ. ಅದನ್ನ ನೋಡಕ್ಕೆ ಬರಬೇಕಾ?"

"ನೋಡಕ್ಕೆ ನಿಂಗೆ ಹೇಗೂ ಆಗಲ್ಲ. ಬಾ ಸುಮ್ನೆ."

ಅವಳು ಬೈದುಕೊಳ್ಳುತ್ತಲೇ ಕೋಟು ಹಾಕಿಕೊಂಡಳು. ಎನೋಕ್ ಗುರುತು ಕೂಡಿಸಿ ಲಂಗರು ಬಿಟ್ಟ, ಈ ಸಲ ಸದ್ದಾಗದಂತೆ ಬಿಟ್ಟ.

"ಎಷ್ಟಿವೆ?" ಎಂದಳು ಡಾರ್ಕಸ್.

"ಏನು?"

"ದೋಣಿ."

"ಒಂದೂ ಇಲ್ಲ."

"ಸುಳ್ಳು ಹೇಳಬೇಡ. ಕಣ್ಣು ಹೋಗಿರಬಹುದು, ಬುದ್ಧಿ ಹೋಗಿಲ್ಲ."

"ಇಲ್ಲ ಅಂದ್ನಲ್ಲ."

ಅವಳು ಕಿವಿಗೊಟ್ಟಳು. ಚಳಿಗಾಲದ ನೀರಿನ ಮೇಲೆ ಒಬ್ಬ ಕೆಮ್ಮಿದರೆ ಒಂದು ಮೈಲಿ ಕೇಳುತ್ತದೆ. ಕೆಮ್ಮಿಲ್ಲ, ಮಾತಿಲ್ಲ, ಹುಟ್ಟು ತಾಗುವ ಸದ್ದಿಲ್ಲ. ಕೆಸರಿನಲ್ಲಿ ಸಿಂಪಿಗಳು ನೀರು ಚಿಮ್ಮುವುದಷ್ಟೇ ಕೇಳಿತು. ತುಂಬ ಹೊತ್ತಿನ ಮೇಲೆ ತಿರುವಿನ ಆಚೆಯಿಂದ ಹುಟ್ಟಿನ ಸದ್ದು ಬಂತು.

"ಬಂದ್ರು ನೋಡು. ಯಾರು?"

"ಸೈರಸ್ ಗಂಡುಮಕ್ಕಳು. ಮೂವರೂ ಇದಾರೆ."

"ನಂಗೊತ್ತಿತ್ತು! ಇಲ್ಲಿಗೇ ಬರ್ತಾರೆ."

ಹುಟ್ಟಿನ ಸದ್ದು ಹತ್ತಿರ ಬಂತು. ಆಮೇಲೆ ದೂರವಾಯಿತು.

"ಎಲ್ಲಿ ನಿಲ್ಸಿದ್ರು?"

"ನಿಲ್ಲಿಸ್ಲಿಲ್ಲ. ಆ ದಡ ಹಿಡಕೊಂಡು ಹೋದ್ರು. ಇದು ಏಬ್ರಮನ ಹೆಂಡ್ತಿ ಮಡು ಅಂತ ಈಗ ಇಡೀ ದ್ವೀಪಕ್ಕೇ ಗೊತ್ತಲ್ಲ, ಯಾವನು ನಿಲ್ಲಿಸ್ತಾನೆ?" ಎನೋಕ್ ತನ್ನ ಗಾಳ ಇಳಿಸಿದ. "ಹೋಗ್ತಾ ಟೋಪಿ ತೆಗೆದ್ರು."

"ಯಾರಿಗೆ?"

"ನಿಂಗೆ. ಇನ್ಯಾರಿಗೆ?"

ಡಾರ್ಕಸ್ ದಾರವನ್ನು ಬೆರಳ ಮೇಲಿಟ್ಟುಕೊಂಡು ಕೂತೇ ಇದ್ದಳು. ದಾರ ಭಾರವಾಯಿತು, ಅವಳು ಕೈ ಎತ್ತಲಿಲ್ಲ. ಅಳುತ್ತಿದ್ದಳು. ಹದಿನಾಲ್ಕು ವರ್ಷ ಈ ಜನರನ್ನೆಲ್ಲ, ಒಬ್ಬರನ್ನೂ ಬಿಡದೆ, ಮನಸ್ಸಿನಲ್ಲೇ ಕಳ್ಳರೆಂದುಕೊಂಡು ಮೀನು ಹಂಚಿದ್ದಳಲ್ಲ, ಅದಕ್ಕೆ ಅತ್ತಳು.